ಸಾಲ್ಡರ್ ಇಲ್ಲದ ಸಂಸಾರ

ಸಾಲ್ಡರಿಂಗ್ ಬಾರದವನಿಗೂ ಎಲೆಕ್ಟ್ರಾನಿಕ್ಸ್ ಬರುತ್ತದೆ ಎಂದು ಎಪ್ಪತ್ತರ ದಶಕದ ಮೈಸೂರಿನಲ್ಲಿ ಯಾರಾದರೂ ಹೇಳಿದ್ದರೆ, ರೇಡಿಯೊ ರಿಪೇರಿಯವರು ಕೈಲಿದ್ದ ಕೆಲಸ ನಿಲ್ಲಿಸಿ ನಗುತ್ತಿದ್ದರು. ನಕ್ಕು ಮುಗಿಸಿ ಮತ್ತೆ ಕಾದ ಕಡ್ಡಿಯನ್ನು ರಾಳಕ್ಕೆ ಅದ್ದುತ್ತಿದ್ದರು. ಚುಸ್ ಎಂಬ ಸದ್ದು, ಒಂದೆಳೆ ಬಿಳಿ ಹೊಗೆ, ಆಮೇಲೆ ದೇವಸ್ಥಾನವೂ ಅಲ್ಲದ ಆಸ್ಪತ್ರೆಯೂ ಅಲ್ಲದ ಒಂದು ವಾಸನೆ. ಮಳಿಗೆಯ ತುಂಬ ಬೆನ್ನಿನ ರಟ್ಟು ಕಳಚಿಸಿಕೊಂಡ ಮರ್ಫಿ, ಬುಷ್, ಫಿಲಿಪ್ಸ್ ರೇಡಿಯೊಗಳು. ಅವುಗಳ ಮಾಲೀಕರು ಬಂದು, ನಿಂತು, ನೋಡಿ, 'ನಾಳೆ ಬನ್ನಿ' ಅನ್ನಿಸಿಕೊಂಡು ಹೋಗುತ್ತಿದ್ದರು. ಮೈಸೂರು ರೇಡಿಯೊಗೆ ಹೊಸ ಊರಲ್ಲ. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಪ್ರಸಾರ ಆರಂಭಿಸಿದ ಊರು. ಹಾಗಿದ್ದೂ ನಮ್ಮ ಬೀದಿಯ ರೇಡಿಯೊ ವರ್ಷದಲ್ಲಿ ಅರ್ಧ ಭಾಗ ರಿಪೇರಿ ಅಂಗಡಿಯಲ್ಲೇ ವಾಸವಾಗಿರುತ್ತಿತ್ತು.

ರಿಪೇರಿಯವರ ಬಳಿ ಎಲ್ಲ ಕಾಯಿಲೆಗೂ ಒಂದೇ ಹೆಸರಿತ್ತು: 'ಡ್ರೈ ಸಾಲ್ಡರ್ ಆಗಿದೆ ಸಾರ್.' ಮುಕ್ಕಾಲು ಪಾಲು ಅದು ನಿಜವೂ ಆಗಿರುತ್ತಿತ್ತು. ತವರ ಮತ್ತು ಸೀಸದ ಆ ಮಿಶ್ರಲೋಹ ಸುಮಾರು 183 ಡಿಗ್ರಿಗೆ ಕರಗುತ್ತದೆ. ಆದರೆ ಲೋಹ ಕರಗಿದ ಮಾತ್ರಕ್ಕೆ ಬೆಸುಗೆಯಾಗುವುದಿಲ್ಲ. ತಂತಿಯೂ ಕಾಯಬೇಕು, ತಂತಿ ಕೂರುವ ಜಾಗವೂ ಕಾಯಬೇಕು. ಒಂದು ಕಾದು ಇನ್ನೊಂದು ತಣ್ಣಗಿದ್ದರೆ ಮೇಲೆ ಮಂಕು ಬೂದು ಬಣ್ಣದ ಗುಂಡು ಕೂತಿರುತ್ತದೆ, ಒಳಗೆ ಸಂಬಂಧವೇ ಇರುವುದಿಲ್ಲ. ಇಂಥ ಬೆಸುಗೆ ಹಾಕಿದ ದಿನ ಕೆಲಸ ಮಾಡಿ, ಗಿರಾಕಿ ಮನೆ ತಲುಪಿದ ಮೇಲೆ ಕೈಕೊಡುತ್ತದೆ. ಗಿರಾಕಿ ರೇಡಿಯೊ ತಲೆಗೆ ಒಂದು ಬಿಡುತ್ತಾನೆ. ಅದು ಹಾಡುತ್ತದೆ. ನಮ್ಮ ತಲೆಮಾರಿನ ಎಲೆಕ್ಟ್ರಾನಿಕ್ಸ್ ವಿದ್ಯಾಭ್ಯಾಸದ ಬಹುಭಾಗ ಈ ಪೆಟ್ಟಿನಲ್ಲೇ ಮುಗಿಯಿತು.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಮತ್ತು ನಮ್ಮಾಕೆ ಆಸ್ಟ್ರೇಲಿಯಾದಲ್ಲಿ ಸರದಿಯ ಮೇಲೆ ತಂಗುವ ಜನ. ದೊಡ್ಡ ಮಗಳು ಪರ್ತ್‌ನಲ್ಲಿ, ಮಗ ಬ್ರಿಸ್ಬೇನಿನಲ್ಲಿ, ಚಿಕ್ಕವಳು ಅಡಿಲೇಡಿನಲ್ಲಿ. ಒಂದೇ ದೇಶವಲ್ಲವೇ, ಅಕ್ಕಪಕ್ಕ ಇರಬಹುದು ಅಂದುಕೊಳ್ಳಬೇಡಿ. ಪರ್ತ್‌ನಿಂದ ಬ್ರಿಸ್ಬೇನಿಗೆ ವಿಮಾನದ ದಾರಿ ಸುಮಾರು 3,600 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ಹೋಗಿ ವಾಪಸು ಬಂದಷ್ಟು. ಗಡಿಯಾರವೂ ಮೂರು ತರಹ. ಮೈಸೂರಿಗಿಂತ ಪರ್ತ್ ಎರಡೂವರೆ ಗಂಟೆ ಮುಂದೆ, ಬ್ರಿಸ್ಬೇನ್ ನಾಲ್ಕೂವರೆ ಗಂಟೆ ಮುಂದೆ. ಅಡಿಲೇಡ್ ಮಾತ್ರ ನಮ್ಮ ಹಾಗೇ ಅರ್ಧ ಗಂಟೆಯ ಲೆಕ್ಕದ ಊರು; ಅಲ್ಲಿ ಚಳಿಗಾಲದಲ್ಲಿ ನಾಲ್ಕು ಗಂಟೆ ಸೇರಿಸಬೇಕು, ಬೇಸಿಗೆಯಲ್ಲಿ ಐದು. ಮೈಸೂರಿನ ನನ್ನ ನಾದಿನಿ ಈ ಲೆಕ್ಕವನ್ನು ಕೈಬಿಟ್ಟು ತನಗೆ ಎಚ್ಚರವಾದಾಗ ಫೋನ್ ಮಾಡುತ್ತಾಳೆ.

ಮೂರು ಮನೆಯಲ್ಲೂ ಮೊಮ್ಮಕ್ಕಳಿದ್ದಾರೆ. ಮೂರು ಮನೆಯ ಊಟದ ಮೇಜಿನ ಮೇಲೂ ಉಪ್ಪಿನಕಾಯಿ ಜಾಡಿಯ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರೊಳಗೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಸರ್ಕ್ಯೂಟ್ ಬೋರ್ಡುಗಳು, ನಾಲ್ಕೆಳೆಯ ಪುಟ್ಟ ಕೇಬಲ್ಲುಗಳು. ಕೇಬಲ್ಲಿನ ಎರಡೂ ತುದಿಗೆ ಅಕ್ಕಿಕಾಳಿನಷ್ಟಗಲದ ಬಿಳಿ ಪ್ಲಗ್ಗು. ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಸಿಕ್ಕಿಸಿದರೆ ಕೆಲಸ ಮುಗಿಯಿತು. ಕಾಯಿಸುವುದಿಲ್ಲ, ಕರಗಿಸುವುದಿಲ್ಲ, ಊದುವುದಿಲ್ಲ. ತಲೆಕೆಳಗು ಸಿಕ್ಕಿಸೋಣವೆಂದರೆ ಪ್ಲಗ್ಗು ಒಳಗೇ ಹೋಗುವುದಿಲ್ಲ. ಕಪ್ಪು ತಂತಿ ಗ್ರೌಂಡ್, ಕೆಂಪು 3.3 ವೋಲ್ಟ್, ನೀಲಿ ದತ್ತಾಂಶ, ಹಳದಿ ಆ ದತ್ತಾಂಶಕ್ಕೆ ತಾಳ. ಒಂದೊಂದು ಬೋರ್ಡಿಗೆ ಒಂದೊಂದು ವಿದ್ಯೆ: ಒಂದು ತಾಪ ಹೇಳುತ್ತದೆ, ಇನ್ನೊಂದು ಬೆಳಕು, ಮತ್ತೊಂದು ಎದುರಿಗಿರುವ ವಸ್ತು ಎಷ್ಟು ದೂರವೆಂದು ಲೇಸರ್ ಬಿಟ್ಟು ಹೇಳುತ್ತದೆ.

ನಮ್ಮ ಮಕ್ಕಳ ಮನೆಯಲ್ಲಿರುವುದು ಹೆಚ್ಚಾಗಿ ಪೀಕೋಡೆವ್ ಎಂಬ ಕಿಟ್ಟು. ನ್ಯೂ ಸೌತ್ ವೇಲ್ಸಿನ ನ್ಯೂಕಾಸಲ್ ಊರಿನ ಕೋರ್ ಎಲೆಕ್ಟ್ರಾನಿಕ್ಸ್ ಕಂಪನಿಯ ತಯಾರಿ. ಅಮೆರಿಕದ ಕೊಲರಾಡೊದ ಸ್ಪಾರ್ಕ್‌ಫನ್ ಕಂಪನಿ 2017ರಲ್ಲಿ ಕ್ವಿಕ್ ಎಂಬ ಹೆಸರಿನಲ್ಲಿ ಇದೇ ನಾಲ್ಕೆಳೆ ಪ್ಲಗ್ಗನ್ನು ತಂದಿತು. ನ್ಯೂಯಾರ್ಕಿನ ಏಡಾಫ್ರೂಟ್ ಅದಕ್ಕೇ ಹೊಂದುವಂತೆ ಸ್ಟೆಮ್ಮಾ ಕ್ಯೂಟಿ ಮಾಡಿತು. ನ್ಯೂಕಾಸಲ್ಲಿನವರೂ ಅದೇ ಪ್ಲಗ್ಗನ್ನು ಹಿಡಿದರು. ಮೂರು ಪ್ರತಿಸ್ಪರ್ಧಿಗಳು, ಒಂದೇ ಪ್ಲಗ್ಗು. ಒಬ್ಬರ ಕೇಬಲ್ಲು ಇನ್ನೊಬ್ಬರ ಬೋರ್ಡಿಗೆ ಕೂರುತ್ತದೆ. ವರ್ಷಗಟ್ಟಲೆ ಫೋನ್ ಚಾರ್ಜರುಗಳ ವಿಷಯದಲ್ಲಿ ಮನುಷ್ಯಕುಲ ನಡೆದುಕೊಂಡ ರೀತಿಯನ್ನು ನೆನೆದರೆ, ಇದನ್ನು ಪವಾಡಗಳ ಪಟ್ಟಿಗೆ ಸೇರಿಸಬೇಕು.

ಇಷ್ಟೆಲ್ಲ ಬೋರ್ಡುಗಳು ನೀಲಿ, ಹಳದಿ ಎರಡೇ ತಂತಿಯಲ್ಲಿ ಮಾತಾಡಿದರೂ ಜಗಳವಾಗದಿರುವುದು ಹೇಗೆ ಎಂದು ಬ್ರಿಸ್ಬೇನಿನ ಮೊಮ್ಮಗಳನ್ನು ಕೇಳಿದೆ. ಹನ್ನೆರಡು ವರ್ಷದವಳು. ಅವಳು ಹೇಳಿದ ವಿವರಣೆ ಇಂಗ್ಲಿಷಿನಲ್ಲಿತ್ತು, ನನಗೆ ಅರ್ಥವಾದದ್ದು ಸರ್ಕಾರಿ ಶಾಲೆಯ ಕನ್ನಡದಲ್ಲಿ. ಮೇಷ್ಟರು ಹಾಜರಿ ಪುಸ್ತಕ ತೆರೆದು 'ನಂಬರ್ ಹದಿನೇಳು' ಅನ್ನುತ್ತಾರೆ. ಇಡೀ ಕ್ಲಾಸಿಗೆ ಕೇಳಿಸುತ್ತದೆ, ಆದರೆ ಹದಿನೇಳನೆಯವನು ಮಾತ್ರ 'ಪ್ರೆಸೆಂಟ್ ಸಾರ್' ಅನ್ನುತ್ತಾನೆ. ಮಿಕ್ಕವರು ತೆಪ್ಪಗಿರುತ್ತಾರೆ. ಅವನು ಪಾಠ ಒಪ್ಪಿಸಿದ ಮೇಲೆ ಮೇಷ್ಟರು ಮುಂದಿನ ನಂಬರು ಕೂಗುತ್ತಾರೆ. ಇಲ್ಲಿ ಮೇಷ್ಟರೆಂದರೆ ಮೈಕ್ರೊಬಿಟ್ ಅಥವಾ ರಾಸ್ಪ್‌ಬೆರಿ ಪೈ ಪೀಕೊ ಎಂಬ ಪುಟ್ಟ ಕಂಪ್ಯೂಟರು. ಕ್ಲಾಸಿನ ಹೆಸರು ಐ-ಸ್ಕ್ವೇರ್ಡ್-ಸಿ. ಫಿಲಿಪ್ಸ್ ಕಂಪನಿ 1982ರಲ್ಲಿ ಟೀವಿ ಮುಂತಾದ ಪೆಟ್ಟಿಗೆಗಳೊಳಗಿನ ಚಿಪ್ಪುಗಳು ಕಡಿಮೆ ತಂತಿಯಲ್ಲಿ ಮಾತಾಡಿಕೊಳ್ಳಲಿ ಎಂದು ಮಾಡಿದ ಏರ್ಪಾಡು. ನಂಬರುಗಳು ಏಳು ಬಿಟ್ಟಿನವು, ಒಟ್ಟು 128. ಅದರಲ್ಲಿ 16 ಕಾದಿರಿಸಿದ್ದು ಕಳೆದರೆ 112 ಜನರ ಕ್ಲಾಸು. ನಮ್ಮ ಹೈಸ್ಕೂಲಿನ ಸೆಕ್ಷನ್ನುಗಳೂ ಹೆಚ್ಚುಕಡಿಮೆ ಅಷ್ಟೇ ಇದ್ದವು, ಇಷ್ಟು ಶಿಸ್ತಿರಲಿಲ್ಲ. ಒಂದೇ ನಂಬರಿನ ಇಬ್ಬರು ಸೇರಿದರೆ ಇಬ್ಬರೂ ಒಟ್ಟಿಗೆ ಎದ್ದು ನಿಂತು ಗೊಂದಲವಾಗುತ್ತದೆ. ಅದಕ್ಕೆಂದೇ ಹಲವು ಪೀಕೋಡೆವ್ ಬೋರ್ಡುಗಳ ಮೇಲೆ ನಂಬರು ಬದಲಾಯಿಸುವ ಇರುವೆಗಾತ್ರದ ಸ್ವಿಚ್ಚುಗಳಿವೆ. ಅವನ್ನು ಸರಿಸಲು ಉಗುರು ಬೆಳೆಸಬೇಕು, ಇಲ್ಲವೇ ಅಜ್ಜಿಯ ಸೇಫ್ಟಿ ಪಿನ್ ಕೇಳಬೇಕು.

ಮೇಷ್ಟರಿಗೆ ಏನು ಕೂಗಬೇಕೆಂದು ಹೇಳಿಕೊಡುವ ಭಾಷೆಯಲ್ಲೂ ಆಸ್ಟ್ರೇಲಿಯಾದ ಕೈ ಇದೆ. ಮೈಕ್ರೊಪೈಥಾನ್ ಬರೆದವರು ಡೇಮಿಯನ್ ಜಾರ್ಜ್ ಎಂಬ ಆಸ್ಟ್ರೇಲಿಯಾದ ಭೌತವಿಜ್ಞಾನಿ. 2013ರಲ್ಲಿ ಜನರಿಂದ ಚಂದಾ ಎತ್ತಿ ಆರಂಭಿಸಿದ ಕೆಲಸ. ಅದರಿಂದ ಈಗ ನಾಲ್ಕೈದು ಸಾಲು ಬರೆದರೆ ತಾಪಮಾನ ಪರದೆಯ ಮೇಲೆ ಬರುತ್ತದೆ. ಬ್ಯಾಂಕಿನಲ್ಲಿ ಒಂದು ಪಾಸ್‌ಬುಕ್ ಎಂಟ್ರಿ ಮಾಡಿಸಲು ಇದಕ್ಕಿಂತ ಹೆಚ್ಚು ಸಾಲು ಬರೆಸುತ್ತಿದ್ದೆವು.

ಸಾಲ್ಡರಿಲ್ಲದ ಎಲೆಕ್ಟ್ರಾನಿಕ್ಸ್ ಇಲ್ಲಿಯವರಿಗೆ ಹೊಸದಲ್ಲ ಎಂಬುದು ಪರ್ತ್‌ನ ಅಳಿಯಂದಿರಿಂದ ತಿಳಿಯಿತು. 1968ರಲ್ಲಿ ಸಿಡ್ನಿಯಲ್ಲಿ ಡಿಕ್ ಸ್ಮಿತ್ ಎಂಬ ಮಹಾಶಯರು ಎಲೆಕ್ಟ್ರಾನಿಕ್ಸ್ ಅಂಗಡಿ ತೆರೆದರು. 1978ರ ಏಪ್ರಿಲ್ ಒಂದನೇ ತಾರೀಖು ಅಂಟಾರ್ಕ್ಟಿಕಾದಿಂದ ಮಂಜುಗಡ್ಡೆಯ ಬೆಟ್ಟ ಎಳೆದು ತಂದಿದ್ದೇನೆ ಎಂದು ಸಿಡ್ನಿ ಬಂದರಿಗೆ ಒಂದು ದೋಣಿ ತಂದು ನಿಲ್ಲಿಸಿ, ಊರಿಗೆ ಊರನ್ನೇ ದಡಕ್ಕೆ ಓಡಿಸಿದವರೂ ಅವರೇ. ಮಳೆ ಬಿದ್ದಾಗ ಬೆಟ್ಟ ಕರಗಿತು; ಬೆಂಕಿ ಆರಿಸುವ ನೊರೆ ಮತ್ತು ಶೇವಿಂಗ್ ಕ್ರೀಮು ತೊಳೆದುಹೋಗಿ ಕೆಳಗಿನ ಬಿಳಿ ಪ್ಲಾಸ್ಟಿಕ್ ಹಾಳೆ ಕಂಡಿತು. ಆ ದಶಕದ ಕೊನೆಗೆ ಅವರು ಮಕ್ಕಳಿಗಾಗಿ ಹೊರತಂದ 'ಫನ್ ವೇ ಇಂಟು ಎಲೆಕ್ಟ್ರಾನಿಕ್ಸ್' ಪುಸ್ತಕದ ಮೊದಲ ಭಾಗದಲ್ಲಿ ಸಾಲ್ಡರಿಂಗ್ ಇರಲಿಲ್ಲ. ಹಲಗೆಯ ಮೇಲೆ ಸ್ಕ್ರೂ ಹಾಕಿ ಅದರಡಿ ತಂತಿ ಸಿಕ್ಕಿಸುವುದು, ಅಷ್ಟೇ. ಕಾದ ಕಡ್ಡಿ ಎರಡನೆಯ ಭಾಗದಲ್ಲಿ ಬರುತ್ತಿತ್ತು. ಒಂದು ತಲೆಮಾರಿನ ಆಸ್ಟ್ರೇಲಿಯಾದ ಇಂಜಿನಿಯರುಗಳು ಆ ಸ್ಕ್ರೂಗಳಿಂದ ಹೊರಟವರು. ಅಂಗಡಿಗಳ ಸರಣಿ 2016ರಲ್ಲಿ ಮುಚ್ಚಿಹೋಯಿತು. ಪರ್ತ್‌ನಲ್ಲೇ 1976ರಲ್ಲಿ ಹುಟ್ಟಿದ ಆಲ್ಟ್ರಾನಿಕ್ಸ್ ಅಂಗಡಿ ಇನ್ನೂ ಇದೆ. ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದಾಗ ಬೆಂಗಳೂರಿನ ಎಸ್.ಪಿ. ರೋಡ್ ನೆನಪಾಯಿತು. ವ್ಯತ್ಯಾಸವೆಂದರೆ ಇಲ್ಲಿ ಯಾರೂ ಕೂಗಿ ಕರೆಯಲಿಲ್ಲ, ಚೌಕಾಸಿಗೆ ಆಸ್ಪದವಿರಲಿಲ್ಲ, ಚಹಾ ಬರಲಿಲ್ಲ. ಮೂರರಲ್ಲಿ ಕೊನೆಯದು ನನಗೆ ಹೆಚ್ಚು ನೋವು ತಂದಿತು.

ಪರ್ತ್‌ನ ಮೊಮ್ಮಗಳಿಗೆ ಗಾಳಿಯ ಹುಚ್ಚು. ಬೇಸಿಗೆಯಲ್ಲಿ ಆ ಊರಿನ ಜನ ಮಧ್ಯಾಹ್ನವಾಗುತ್ತಲೇ ಡಾಕ್ಟರಿಗಾಗಿ ಕಾಯುತ್ತಾರೆ. ಗಾಬರಿ ಬೇಡ, ಕಡಲ ಕಡೆಯಿಂದ ಬೀಸುವ ತಂಪು ಗಾಳಿಗೆ ಅವರು ಫ್ರೀಮ್ಯಾಂಟಲ್ ಡಾಕ್ಟರ್ ಅನ್ನುತ್ತಾರೆ. 'ಡಾಕ್ಟರ್ ಬಂದರಾ?' ಎಂದು ನೆರೆಯಾತ ಬೇಲಿಯಾಚೆಯಿಂದ ಕೇಳಿದಾಗ ನಮ್ಮಾಕೆ ಆತಂಕದಿಂದ ಯಾರಿಗೆ ಏನಾಯಿತು ಎಂದು ಹೊರಗೆ ಬಂದಿದ್ದಳು. ಮೊಮ್ಮಗಳು ವರಾಂಡದಲ್ಲಿ ಬಿ.ಎಂ.ಇ.280 ಎಂಬ ಬಾಷ್ ಕಂಪನಿಯ ಸೆನ್ಸರಿನ ಬೋರ್ಡನ್ನು ನೇತುಹಾಕಿ, ತಾಪ, ತೇವಾಂಶ, ಒತ್ತಡ ಮೂರನ್ನೂ ಗೆರೆ ಎಳೆಸುತ್ತಾಳೆ. ಡಾಕ್ಟರ್ ಬಂದ ಗಳಿಗೆ ಗೆರೆಯಲ್ಲಿ ಎದ್ದು ಕಾಣುತ್ತದೆ: ತಾಪ ಇಳಿಯುತ್ತದೆ, ಅದೇ ಹೊತ್ತಿಗೆ ತೇವಾಂಶ, ಬರೀ ತಂಪಿನಿಂದ ಏರಬಹುದಾದದ್ದಕ್ಕಿಂತ ಹೆಚ್ಚಾಗಿ, ಏರುತ್ತದೆ. ಒಳನಾಡಿನ ಒಣಗಾಳಿ ಹೋಗಿ ಸಮುದ್ರದ ಗಾಳಿ ಬಂತೆನ್ನುವುದಕ್ಕೆ ಈ ಎರಡು ಗೆರೆಗಳೂ ಬೇಕು. ತಾಪ ಇಳಿದದ್ದನ್ನಷ್ಟೇ ನೋಡಿದ್ದರೆ ಮೋಡ ಅಡ್ಡ ಬಂದಿರಬಹುದು ಎನ್ನಬಹುದಿತ್ತು. ಇದನ್ನು ನನಗೆ ವಿವರಿಸಿದಾಗ ಅವಳ ಬಾಯಲ್ಲಿ ಚಕ್ಕುಲಿಯಿತ್ತು.

ಅದೇ ಮನೆಯಲ್ಲಿ ಬೆಳಕಿನ ಸೆನ್ಸರನ್ನೂ ನೋಡಿದೆ. ಅದು ಬೇಗ ಬೇಸರ ತರಿಸುವ ಸಾಮಾನು. ದೀಪ ಹಾಕಿದರೆ ಅಂಕಿ ಏರುತ್ತದೆ, ಆರಿಸಿದರೆ ಇಳಿಯುತ್ತದೆ, ಅಷ್ಟು ನಮಗೂ ಗೊತ್ತು. ಆದರೆ ಬೆಳಕಿನ ವಿಷಯದಲ್ಲಿ ಪರ್ತ್‌ಗೆ ಒಂದು ಹೆಮ್ಮೆಯಿದೆ. 1962ರ ಫೆಬ್ರವರಿ 20ರಂದು ಜಾನ್ ಗ್ಲೆನ್ ಭೂಮಿಯನ್ನು ಸುತ್ತುವಾಗ ಊರಿನವರು ರಾತ್ರಿ ಮನೆಮನೆಯ ದೀಪ ಹೊತ್ತಿಸಿಟ್ಟರು. ಮೇಲಿದ್ದ ಒಬ್ಬನೇ ಒಬ್ಬ ಮನುಷ್ಯನಿಗೆ ಅದು ಕಂಡಿತು, ಆತ ಥ್ಯಾಂಕ್ಸ್ ಹೇಳಿದ. 1998ರಲ್ಲಿ ಅದೇ ಗ್ಲೆನ್ ಮುದುಕನಾಗಿ ಮತ್ತೆ ಹೋದಾಗ ಊರು ಮತ್ತೆ ದೀಪ ಹಾಕಿತು. ಕರೆಂಟ್ ಬಿಲ್ಲಿನ ಬಗ್ಗೆ ಯಾರೂ ಮಾತಾಡಲಿಲ್ಲವಂತೆ. ಇದನ್ನು ನಮ್ಮಾಕೆ ನಂಬುವುದಿಲ್ಲ.

ಬ್ರಿಸ್ಬೇನಿನಲ್ಲಿ ಒತ್ತಡದ ಕಾಲ. 2025ರ ಮಾರ್ಚಿನಲ್ಲಿ ಆಲ್‌ಫ್ರೆಡ್ ಎಂಬ ಚಂಡಮಾರುತ ಕರಾವಳಿಯತ್ತ ಬಂದಾಗ ನಾವು ಮಗನ ಮನೆಯಲ್ಲಿದ್ದೆವು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಜನ ಮರಳಿನ ಚೀಲ ಪೇರಿಸಿಕೊಂಡು, ಬ್ರೆಡ್ಡು ಹಾಲು ತುಂಬಿಕೊಂಡು ಕೂತರೆ ಅದು ಕಡಲ ಮೇಲೇ ಅಡ್ಡಾಡುತ್ತ ಹೊತ್ತು ಕಳೆಯಿತು. ಕೊನೆಗೆ 8ನೇ ತಾರೀಖು ಶನಿವಾರ, ಬಲ ಕುಂದಿ, ಬ್ರೈಬಿ ದ್ವೀಪದ ಬಳಿ ದಡ ಹತ್ತಿತು. ಆ ದಿನಗಳಲ್ಲಿ ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಗಿತ್ತು, ನಮ್ಮದಕ್ಕೂ. ಫ್ರಿಜ್ ಸುಮ್ಮನಾಯಿತು, ವೈಫೈ ಸುಮ್ಮನಾಯಿತು. ಮೊಮ್ಮಗಳ ಪೀಕೊ ಮಾತ್ರ ಫೋನ್ ಚಾರ್ಜ್ ಮಾಡುವ ಪವರ್ ಬ್ಯಾಂಕಿನ ಮೇಲೆ, ನಿಮಿಷಕ್ಕೊಂದು ಸಲ ಹಾಜರಿ ಕರೆದುಕೊಂಡು, ಪುಟ್ಟ ಪರದೆಯಲ್ಲಿ ಗಾಳಿಯ ಒತ್ತಡದ ಗೆರೆ ಎಳೆಯುತ್ತಿತ್ತು. ಗೆರೆ ನಿಧಾನವಾಗಿ ಇಳಿಯುತ್ತಿತ್ತು. ಮನೆಮಂದಿಯೆಲ್ಲ ಮೇಣದಬತ್ತಿ ಬೆಳಕಿನಲ್ಲಿ ಅದರ ಸುತ್ತ ಕೂತೆವು. ಗಾಳಿಗೆ ಹೆದರುವುದಕ್ಕಿಂತ ಗೆರೆಗೆ ಹೆದರುವುದು ಎಷ್ಟೋ ವಾಸಿ. ಅದಕ್ಕೊಂದು ಅಳತೆ ಇರುತ್ತದೆ.

ಅಷ್ಟರಲ್ಲಿ ಮೈಸೂರಿನಿಂದ ನಾದಿನಿಯ ಫೋನು. ಸರಸ್ವತೀಪುರಂನಲ್ಲಿ ಅವಳ ಮೊಮ್ಮಗ ಫೋನಿನಲ್ಲೇ ಇರುವ ಒತ್ತಡಮಾಪಕವನ್ನು ತೋರಿಸಿದ್ದನಂತೆ.

'ಭಾವ, ನಿಮ್ಮಲ್ಲಿ ಎಷ್ಟು?'

'ಸಾವಿರದ ಹತ್ತಿರ ಇದೆ. ಇಳೀತಾ ಇದೆ.'

'ಅಷ್ಟೇನಾ? ನಮ್ಮಲ್ಲಿ ಒಂಬೈನೂರ ಇಪ್ಪತ್ತೈದು! ಸೈಕ್ಲೋನು ನಿಮಗಲ್ಲ, ನಮಗೇ ಬಂದಿರೋದು. ಬಟ್ಟೆ ಒಳಗೆ ತರ್ತೀನಿ ಇರಿ.'

ಅವಳದೇನೂ ತಪ್ಪಿಲ್ಲ. ಸಮುದ್ರಮಟ್ಟದಲ್ಲಿ ಒತ್ತಡ ಸುಮಾರು 1,013 ಹೆಕ್ಟೊಪ್ಯಾಸ್ಕಲ್. ಕೆಳಮಟ್ಟದಲ್ಲಿ ಎಂಟೂ ಚಿಲ್ಲರೆ ಮೀಟರು ಮೇಲೆ ಹೋದರೆ ಒಂದು ಅಂಕಿ ಕಡಿಮೆ. ಮೈಸೂರು ಸಮುದ್ರಮಟ್ಟದಿಂದ 760 ಮೀಟರಿಗೂ ಮೇಲಿದೆ. ಹಾಗಾಗಿ ನೆಮ್ಮದಿಯ ದಿನವೂ ಅಲ್ಲಿ 925ರ ಆಸುಪಾಸೇ. ಹವಾಮಾನ ಇಲಾಖೆಯವರು ಎಲ್ಲ ಊರನ್ನೂ ಲೆಕ್ಕದಲ್ಲಿ ಸಮುದ್ರಮಟ್ಟಕ್ಕೆ ಇಳಿಸಿ ಆಮೇಲೆ ಹೋಲಿಸುತ್ತಾರೆ. ನಾದಿನಿ ಮೈಸೂರನ್ನು ಇದ್ದಲ್ಲೇ ಇಟ್ಟು ಬ್ರಿಸ್ಬೇನಿನ ಜೊತೆ ಹೋಲಿಸಿದ್ದಳು. 'ಅಂದ್ರೆ ನಾವೇ ಮೇಲೆ ಅಂತಾಯ್ತು' ಎಂದು ತೃಪ್ತಿಯಿಂದ ಫೋನಿಟ್ಟಳು. ಬಟ್ಟೆ ಒಳಗೆ ತಂದಳೋ ಇಲ್ಲವೋ ಕೇಳಲಿಲ್ಲ.

ಈ ಸೆನ್ಸರುಗಳ ಸೂಕ್ಷ್ಮತೆಯನ್ನು ನಾನು ಮೆಚ್ಚುತ್ತೇನೆ. ಬಿ.ಎಂ.ಇ.280ಅನ್ನು ನೆಲದಿಂದ ಮಹಡಿಗೆ ಕೊಂಡೊಯ್ದರೆ ಒತ್ತಡದ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಸೆನ್ಸರ್ ಸೂಕ್ಷ್ಮವಾದಷ್ಟೂ ಪ್ರಶ್ನೆಯೂ ಸೂಕ್ಷ್ಮವಾಗಿರಬೇಕು. ಇದನ್ನು ಅಡಿಲೇಡಿನ ಮೊಮ್ಮಗ ಕಂಡುಕೊಂಡ ರೀತಿ ಹೇಳಬೇಕು. ಅಡಿಲೇಡ್ ಬಿಸಿಲಿನ ಊರು. 2019ರ ಜನವರಿ 24ರಂದು ಅಲ್ಲಿ 46.6 ಡಿಗ್ರಿ ದಾಖಲಾಗಿತ್ತು. ಹುಡುಗ ಬೇಸಿಗೆ ರಜೆಯಲ್ಲಿ ತನ್ನ ತಾಪದ ಬೋರ್ಡನ್ನು ಹಿತ್ತಲ ಬೇಲಿಗೆ ಸಿಕ್ಕಿಸಿದ. ಅಂಕಿ ಐವತ್ತು ದಾಟಿತು. ದಾಖಲೆ ಮುರಿದೆನೆಂದು ಕುಣಿದ. ರೇಡಿಯೊ ಮೂವತ್ತೆಂಟು ಅಂದಿತು. ರೇಡಿಯೊದವರು ಸುಳ್ಳು ಹೇಳುತ್ತಾರೆ ಎಂದು ಅರ್ಧ ದಿನ ನಂಬಿದ್ದ. ಆಮೇಲೆ ಅವನೇ ಬಂದು ಹೇಳಿದ, 'ತಾತ, ಅದು ಗಾಳಿ ಎಷ್ಟು ಬಿಸಿ ಅಂತ ಹೇಳ್ತಿಲ್ಲ. ತಾನೆಷ್ಟು ಬಿಸಿ ಅಂತ ಹೇಳ್ತಿದೆ.' ಹದಿನಾಲ್ಕರ ವಯಸ್ಸಿಗೆ ಇದು ದೊಡ್ಡ ಮಾತು. ಬಿಸಿಲಿಗೆ ಬಿದ್ದ ಸೆನ್ಸರ್ ತನ್ನ ಮೈಬಿಸಿಯನ್ನೇ ಹೇಳುತ್ತದೆ. ಅದರ ಪಕ್ಕ ದುಡಿಯುತ್ತಿರುವ ಪ್ರೊಸೆಸರ್ ಇದ್ದರೆ ಅದರ ಶಾಖವೂ ಸೇರುತ್ತದೆ. ಅದಕ್ಕೇ ಹವಾಮಾನ ಕೇಂದ್ರಗಳಲ್ಲಿ ತಾಪಮಾಪಕವನ್ನು ಎದೆಯೆತ್ತರದಲ್ಲಿ, ಬಿಳಿ ಬಣ್ಣದ, ಗಾಳಿಯಾಡುವ ಪಟ್ಟಿಗಳ ಪೆಟ್ಟಿಗೆಯೊಳಗೆ ಇಡುತ್ತಾರೆ. ಸ್ಟೀವನ್ಸನ್ ಪೆಟ್ಟಿಗೆ ಎಂದು ಹೆಸರು. ಮಾಡಿದವರು ಥಾಮಸ್ ಸ್ಟೀವನ್ಸನ್, ದೀಪಸ್ತಂಭ ಕಟ್ಟುವ ಇಂಜಿನಿಯರು. ಅವರ ಮಗನೇ 'ಟ್ರೆಷರ್ ಐಲ್ಯಾಂಡ್' ಬರೆದ ಆರ್.ಎಲ್. ಸ್ಟೀವನ್ಸನ್. ಮೊಮ್ಮಗ ಹೂಕುಂಡದ ಕೆಳಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಒಂದರ ಮೇಲೊಂದು ಬೋರಲು ಹಾಕಿ, ನಡುವೆ ಸಂದು ಬಿಟ್ಟು ಉದ್ದದ ಸ್ಕ್ರೂ ಬಿಗಿದ. ಮೂವತ್ತೊಂಬತ್ತಕ್ಕೆ ಇಳಿಯಿತು. ನನ್ನ ಮಗಳ ಮಲ್ಲಿಗೆ ಕುಂಡಗಳ ಕೆಳಗಿಂದ ನೀರು ನೆಲಕ್ಕೆ ಹರಿಯಿತು.

ಅಡಿಲೇಡಿನ ಚಳಿಗಾಲ ಬೇರೆಯದೇ ಸಮಸ್ಯೆ: ದೋಸೆ ಹಿಟ್ಟು ಹುದುಗುವುದಿಲ್ಲ. ಜುಲೈಯಲ್ಲಿ ಹಗಲಿಗೇ ಹದಿನೈದು ಹದಿನಾರು ಡಿಗ್ರಿ. ರಾತ್ರಿ ಹಿಟ್ಟಿಗೆ ಶಾಲು ಹೊದಿಸಿದರೂ ಬೆಳಿಗ್ಗೆ ಮಲಗಿದ್ದ ಹಾಗೇ ಮಲಗಿರುತ್ತದೆ. ಮಗಳು ಓವನ್ನಿನೊಳಗೆ ಪಾತ್ರೆ ಇಟ್ಟು ದೀಪ ಹಾಕಿಡುತ್ತಾಳೆ. ಮೊಮ್ಮಗ ಮೊದಲು ತಾಪದ ಬೋರ್ಡು ಇಟ್ಟ. ಓವನ್ನು ಬೆಚ್ಚಗಿದೆ ಎಂದು ಗೊತ್ತಾಯಿತು, ಹಿಟ್ಟಿನ ಕಥೆ ಗೊತ್ತಾಗಲಿಲ್ಲ. ಆಗ ಅವನು ಮಾಡಿದ ಕೆಲಸದಲ್ಲೇ ಈ ಕಿಟ್ಟುಗಳ ಗುಟ್ಟೆಲ್ಲ ಇದೆ. ತಾಪದ ಬೋರ್ಡಿನ ಇನ್ನೊಂದು ಬದಿಯ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿ, ದೂರ ಅಳೆಯುವ ಲೇಸರ್ ಬೋರ್ಡನ್ನು ಸೇರಿಸಿ, ಪಾತ್ರೆಯ ಮುಚ್ಚಳಕ್ಕೆ ಕೆಳಮುಖವಾಗಿ ಅಂಟಿಸಿದ. ಹಿಟ್ಟು ಮೇಲೇರಿದಷ್ಟೂ ದೂರ ಕಡಿಮೆ. ಒಂದು ಬಜರ್ ಬೋರ್ಡನ್ನೂ ಪಕ್ಕಕ್ಕೆ ತಗುಲಿಸಿದ. ಕಾಫಿ ಸೋಸುವಷ್ಟರಲ್ಲಿ ಯಂತ್ರದ ಉದ್ದೇಶವೇ ಬದಲಾಯಿತು.

ಸಾಲ್ಡರಿನ ಕಾಲದಲ್ಲಿ ಇದು ಆಗುವ ಮಾತಲ್ಲ. ಒಂದು ಸಲ ಬೆಸೆದದ್ದನ್ನು ಬಿಚ್ಚಬೇಕಾದರೆ ಮತ್ತೆ ಕಾಯಿಸಿ, ಲೋಹ ಹೀರಿ, ಬೋರ್ಡಿನ ತಾಮ್ರ ಎದ್ದುಬಂದು, ಬೆರಳು ಸುಟ್ಟು, ಕೊನೆಗೆ 'ಇದೇ ಇರಲಿ ಬಿಡು' ಎಂಬ ತೀರ್ಮಾನಕ್ಕೆ ಬರುತ್ತಿದ್ದೆವು. ಬೆಸುಗೆಯ ಜನ ಮೊದಲು ಯೋಚಿಸಿ ಆಮೇಲೆ ಕಾಯಿಸುತ್ತಿದ್ದರು. ಪ್ಲಗ್ಗಿನ ಜನ ಮೊದಲು ಸಿಕ್ಕಿಸಿ, ನೋಡಿ, ಆಮೇಲೆ ಯೋಚಿಸುತ್ತಾರೆ. ಮನಸ್ಸು ಬದಲಾಯಿಸುವುದು ಇಷ್ಟು ಅಗ್ಗವಾಗಿರುವುದೇ ಈ ನಾಲ್ಕೆಳೆ ತಂತಿಯ ದೊಡ್ಡ ಕೊಡುಗೆ. ಬೆರಳು ಸುಡದಿರುವುದು, ರಾಳದ ಹೊಗೆ ಮಕ್ಕಳ ಎದೆಗೆ ಹೋಗದಿರುವುದು, ಸೀಸ ಮುಟ್ಟಿದ ಕೈಯಲ್ಲಿ ಬಿಸ್ಕತ್ತು ತಿನ್ನದಿರುವುದು, ಇವೆಲ್ಲ ಒಳ್ಳೆಯವೇ. ಆದರೆ ಅವು ಆಮೇಲಿನ ಮಾತು.

ಹಿಟ್ಟಿನ ಬಜರ್ ಬೆಳಗಿನ ಜಾವ ಕೂಗಿತು. ಮನೆಯವರೆಲ್ಲ ಎದ್ದರು. ನಮ್ಮಾಕೆ ಮುಚ್ಚಳ ತೆಗೆದು ನೋಡಿ, 'ಉಕ್ಕಿದೆ, ಹುಳಿ ಬಂದಿಲ್ಲ' ಅಂದಳು. ಉಕ್ಕುವುದು ಬೇರೆ, ಹುಳಿ ಬೇರೆ ಎಂಬುದು ಲೇಸರಿಗೆ ತಿಳಿಯದು. ಹುಡುಗ ಹಿಂಜರಿಯಲಿಲ್ಲ. ಡಬ್ಬಿ ಕೆದಕಿ ಗಾಳಿಯ ಗುಣ ನೋಡುವ ಬೋರ್ಡು ತೆಗೆದು ಅದನ್ನೂ ಸರದಿಗೆ ಸೇರಿಸಿದ. ಹುದುಗಿನಿಂದ ಏಳುವ ಆವಿಗೆ ಅದು ಸ್ಪಂದಿಸಿತು. ಓವನ್ನಿನ ಪಕ್ಕದಲ್ಲಿ ಮಗಳು ಒಗ್ಗರಣೆ ಹಾಕಿದಾಗಲೂ ಅಷ್ಟೇ ಉತ್ಸಾಹದಿಂದ ಸ್ಪಂದಿಸಿತು. ಇಂಗಿಗೆ ಅದು ತೋರಿಸಿದ ಅಂಕಿಯನ್ನು ನೋಡಿದ್ದರೆ ಯಾವ ಆರೋಗ್ಯ ಇಲಾಖೆಯೂ ಮನೆ ಖಾಲಿ ಮಾಡಿಸುತ್ತಿತ್ತು.

ಅಜ್ಜಿ ಇದರಿಂದ ದೂರ ಸರಿದಳು ಎಂದು ನೀವು ನಿರೀಕ್ಷಿಸಿದರೆ ನಮ್ಮಾಕೆಯನ್ನು ನೀವು ಬಲ್ಲವರಲ್ಲ. ಅವಳು ಪೂರ್ತಿ ಪಕ್ಷಾಂತರ ಮಾಡಿದ್ದಾಳೆ. ಹಿಟ್ಟಿನ ಗೆರೆಯ ಫೋಟೊ ಹಿಡಿದು ತಂಗಿಗೆ ಕಳಿಸುತ್ತಾಳೆ. ಅಲ್ಲಿಂದ 'ಉದ್ದು ಸಾಲದು' ಎಂದು ಉತ್ತರ ಬರುತ್ತದೆ. 'ಹಾಲು ಉಕ್ಕೋದಕ್ಕೂ ಒಂದು ಮಾಡಿಕೊಡೋ' ಎಂದು ಮೊಮ್ಮಗನನ್ನು ಪೀಡಿಸುತ್ತಿದ್ದಾಳೆ. 'ಹಬೆಗೆ ಲೇಸರ್ ಕಣ್ಣು ಮಂಜಾಗುತ್ತೆ ಅಜ್ಜಿ' ಎಂದು ಅವನು. 'ನನ್ನ ಕನ್ನಡಕವೂ ಮಂಜಾಗುತ್ತೆ, ನಾನು ಒರೆಸಿಕೊಳ್ಳಲ್ವೇ?' ಎಂದು ಇವಳು. ಮಾತುಕತೆ ಮುಂದುವರಿದಿದೆ.

ಹಾಗೆಂದು ಕಾದ ಕಡ್ಡಿಯ ಕಾಲ ಮುಗಿಯಿತು ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಪ್ಲಗ್ಗಿನ ಸಾಮಾನು ಮೇಜಿನ ಮೇಲೆ ಚೆಂದ. ಸೈಕಲ್ಲಿಗೆ ಕಟ್ಟಿ, ಬಿಸಿಲು ಮಳೆಗೆ ಒಡ್ಡಿ, ವರ್ಷಗಟ್ಟಲೆ ಕೆಲಸ ಮಾಡು ಎಂದರೆ ಆಗದು. ಅಲುಗಾಟಕ್ಕೆ ಪ್ಲಗ್ಗು ಸಡಿಲವಾಗುತ್ತದೆ. ಲೂಸ್ ಕಾಂಟ್ಯಾಕ್ಟ್ ಎಂಬ ನಮ್ಮ ಹಳೆಯ ಕಾಯಿಲೆ ಕಡಲು ದಾಟಿ ಬಂದು ಇಲ್ಲಿ ಸುಖವಾಗಿದೆ. ಕೇಬಲ್ಲನ್ನು ಹಿತ್ತಲ ತುದಿಯ ತನಕ ಎಳೆಯೋಣವೆಂದರೂ ಆಗದು. ಮೂಲತಃ ಒಂದೇ ಪೆಟ್ಟಿಗೆಯೊಳಗಿನ ಪಿಸುಮಾತಿಗೆಂದು ಮಾಡಿದ ತಂತಿ ಅದು. ಉದ್ದವಾದಂತೆ ಮಾತು ಮಸುಕಾಗುತ್ತದೆ. ಇನ್ನೊಂದು ದೋಷ ತಂತಿಯದಲ್ಲ, ನಮ್ಮದು. ಬದಲಾಯಿಸುವುದು ಸುಲಭವಾದಾಗ ಮುಗಿಸುವುದು ಕಷ್ಟವಾಗುತ್ತದೆ. ಮೂರು ಊರಿನ ಮೂರು ಡಬ್ಬಿಯಲ್ಲೂ ಅರ್ಧಕ್ಕೆ ನಿಂತ ಯೋಜನೆಗಳಿವೆ. ಒಂದರ ಬೋರ್ಡು ಕಿತ್ತು ಇನ್ನೊಂದಕ್ಕೆ, ಅದರದ್ದು ಕಿತ್ತು ಮತ್ತೊಂದಕ್ಕೆ. ಬೇಕಾದದ್ದು ಏನೆಂದು ಪ್ಲಗ್ಗಿನಲ್ಲಿ ಕಂಡುಕೊಂಡು, ಉಳಿಯಬೇಕಾದದ್ದನ್ನು ಬೆಸುಗೆಯಲ್ಲಿ ಕಟ್ಟುವುದು ಸರಿ. ಬ್ರಿಸ್ಬೇನಿನ ನದಿ ದಡದಲ್ಲಿ ಕ್ವೀನ್ಸ್‌ಲ್ಯಾಂಡಿನ ಸ್ಟೇಟ್ ಲೈಬ್ರರಿಯವರು 'ದಿ ಎಡ್ಜ್' ಎಂಬ ಜಾಗವನ್ನು ಇಂಥ ಕೈಕೆಲಸಕ್ಕೆಂದೇ ತೆರೆದಿದ್ದಾರೆ. ಲೈಬ್ರರಿಯೆಂದರೆ 'ಸದ್ದು ಮಾಡಬೇಡಿ' ಬೋರ್ಡು ಎಂದುಕೊಂಡಿದ್ದ ನನಗೆ ಅಲ್ಲಿ ಮಾತು ಹೊರಡಲಿಲ್ಲ.

ಅಡಿಲೇಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ಶಿಕ್ಷಣದ ಸಂಶೋಧನಾ ತಂಡದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದೇಶದ ಶಾಲೆಗಳಿಗೆ ಇಂಥ ಕಿಟ್ಟುಗಳನ್ನು ಪುಸ್ತಕ ಕೊಟ್ಟ ಹಾಗೇ ಎರವಲು ಕೊಡುವ ಏರ್ಪಾಡು ಮಾಡಿದರು. ಬಾಡಿಗೆಯಿರಲಿಲ್ಲ; ಶಾಲೆಯವರು ತರಿಸಿಕೊಂಡು, ಮಕ್ಕಳ ಕೈಗೆ ಕೊಟ್ಟು, ವಾಪಸು ಕಳಿಸಬೇಕಿತ್ತು. ಮೇಷ್ಟರುಗಳಿಗೆ ಪಾಠವನ್ನೂ ಅವರೇ ಹೇಳಿಕೊಟ್ಟರು. ಕಿಟ್ಟು ಕೊಂಡು ಬೀರುವಿನ ಶೋಭೆ ಹೆಚ್ಚಿಸುವ ಅವಕಾಶವೇ ಶಾಲೆಗೆ ಸಿಗಲಿಲ್ಲ.

ನಮ್ಮಲ್ಲೂ ಸಾಮಾನಿಗೆ ಕೊರತೆಯಿಲ್ಲ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ದೇಶದ 10,000 ಶಾಲೆಗಳಲ್ಲಿ ಲ್ಯಾಬುಗಳಾಗಿವೆ. ಆದ್ದರಿಂದ ಕರ್ನಾಟಕದ ಹೆಡ್‌ಮಾಸ್ಟರುಗಳಲ್ಲಿ ಒಂದು ವಿನಂತಿ. ನಿಮ್ಮ ಶಾಲೆಯಲ್ಲಿ ಇಂಥ ಪ್ಲಗ್ಗಿನ ಕಿಟ್ಟುಗಳಿದ್ದರೆ ಅವನ್ನು ಇನ್‌ಸ್ಪೆಕ್ಷನ್ ದಿನಕ್ಕೆಂದು ಕಾದಿರಿಸಬೇಡಿ. ಪ್ಲಗ್ಗು ತಲೆಕೆಳಗು ಹೋಗುವುದಿಲ್ಲ, 3.3 ವೋಲ್ಟಿಗೆ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಶುಕ್ರವಾರ ಸಂಜೆ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಮಕ್ಕಳ ಜೊತೆ ಮನೆಗೆ ಕಳಿಸಿ, ಸೋಮವಾರ ಎಣಿಸಿ ತೆಗೆದುಕೊಳ್ಳಿ. ಒಂದೆರಡು ಕೇಬಲ್ಲು ಕಳೆದುಹೋಗುತ್ತವೆ. ಅವನ್ನು ಖರ್ಚು ಬರೆದುಕೊಳ್ಳಿ.